ಮೀನಿನ ತೊಟ್ಟಿಯ ಅಡ್ಡಪಟ್ಟಿ

ನಮ್ಮ ಭಾವನವರ ಕಣ್ಣಿಗೆ ಪ್ರಪಂಚದ ಪ್ರತಿಯೊಂದು ವಸ್ತುವಿನಲ್ಲೂ ಏನೋ ಒಂದು ಜಾಸ್ತಿ ಕಾಣುತ್ತಿತ್ತು. ಕಿಟಕಿಗೆ ಒಂದು ಸರಳು ಜಾಸ್ತಿ, ಮಂಚಕ್ಕೆ ಒಂದು ಪಟ್ಟಿ ಜಾಸ್ತಿ, ಸೈಕಲ್ಲಿನ ಕ್ಯಾರಿಯರ್‌ಗೆ ಒಂದು ಕಂಬಿ ಜಾಸ್ತಿ. ಅದನ್ನು ಯಾರೋ ಯಾವುದೋ ಕಾರಣಕ್ಕೆ ಅಲ್ಲಿಟ್ಟಿದ್ದಾರೆ ಎಂದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ತೆಗೆದರೆ ಚೆನ್ನಾಗಿ ಕಾಣುತ್ತದೆ ಅನ್ನಿಸಿದರೆ ಮುಗಿಯಿತು, ತೆಗೆದುಬಿಡುವುದು. ಅವರು ತೀರಿಕೊಂಡು ಬಹಳ ಕಾಲವಾಯಿತು. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ನಡೆದದ್ದನ್ನು ಬರೆಯುತ್ತಿದ್ದೇನೆ ಅಷ್ಟೆ. ನಡೆದದ್ದೇ ಕೆಟ್ಟದ್ದಾಗಿದ್ದರೆ ಅದಕ್ಕೆ ನಾನೇನು ಮಾಡಲಿ?

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ. ಪೀಣ್ಯದ ಹಳೆಯ ಊರಿನ ಮನೆ ಅದು. ಅವರ ರಾಗಿ ಹೊಲವೆಲ್ಲ ಕೈಗಾರಿಕೆಗೆ ಹೋಗಿ, ಹೊಲವಿದ್ದ ಕಡೆ ಸಾಲಾಗಿ ಶೆಡ್ಡುಗಳು ಎದ್ದಿದ್ದವು. ಬೆಳಿಗ್ಗೆ ಏಳುವಾಗ ಸೈರನ್, ಮಲಗುವವರೆಗೂ ಲೇತುಗಳ ಸದ್ದು. ಬೀದಿಯಲ್ಲಿ ಬರಿಗಾಲಲ್ಲಿ ನಡೆಯುವಂತಿರಲಿಲ್ಲ, ಮಣ್ಣಿನಷ್ಟೇ ಕಬ್ಬಿಣದ ಸುರುಳಿ ಚೂರುಗಳೂ ಇರುತ್ತಿದ್ದವು. ಮನೆಯ ಹಿಂದೆ ಒಂದು ತುಂಡು ನೆಲ ಮಾತ್ರ ಉಳಿದಿತ್ತು. ಅದರಲ್ಲಿ ನಮ್ಮ ಅತ್ತೆ ಅವರೆ, ದಂಟಿನ ಸೊಪ್ಪು, ಒಂದಷ್ಟು ಮುಸುಕಿನ ಜೋಳ ಹಾಕುತ್ತಿದ್ದರು. ಹೊತ್ತು ಮೂಡುವ ಮುಂಚೆ ಅಲ್ಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತು ಬಂದರೇನೇ ಅವರಿಗೆ ಕಾಫಿ ರುಚಿಸುತ್ತಿದ್ದುದು.

ಮಾವ ಇರಲಿಲ್ಲ. ನನ್ನ ಗಂಡ ಹತ್ತಿರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅವರ ಅಣ್ಣ, ಅಂದರೆ ಭಾವ, ಗೇಟು ಮತ್ತು ಗ್ರಿಲ್ಲು ಮಾಡುವ ವೆಲ್ಡಿಂಗ್ ಶೆಡ್ಡು ಇಟ್ಟಿದ್ದರು. ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. ಇನ್ನೊಬ್ಬಳು ನಾದಿನಿ, ಮದುವೆಯ ವಯಸ್ಸಿನವಳು. ನಾನು ಮದುವೆಗೆ ಮೊದಲು ಮೋಟಾರಿಗೆ ತಂತಿ ಸುತ್ತುವ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಮದುವೆಯಾದ ಮೇಲೆ ಬೇಡ ಅಂದರು, ಬಿಟ್ಟೆ. ಅದೂ ಒಂದು ಸಿಟ್ಟೇ, ಆದರೆ ಆ ಕಥೆ ಬೇರೆ.

ನಮ್ಮ ಅಪ್ಪ ರಾಜಾಜಿನಗರದಲ್ಲಿ ಫಿಟ್ಟರ್ ಆಗಿದ್ದರು. ಮೀನು ಸಾಕುವುದು ಅವರ ಹುಚ್ಚು. ನನಗೂ ಅದೇ ಹುಚ್ಚು ಹಿಡಿದಿತ್ತು. ಮದುವೆಯಾದ ಮರುವರ್ಷ ಅಪ್ಪ ತಮ್ಮ ಕೈಯಾರೆ ಒಂದು ಮೀನಿನ ತೊಟ್ಟಿ ಮಾಡಿ ಟೆಂಪೋದಲ್ಲಿ ತಂದು ನಮ್ಮ ನಡುಮನೆಯಲ್ಲಿ ಎತ್ತರದ ಸ್ಟ್ಯಾಂಡಿನ ಮೇಲೆ ಇಳಿಸಿದರು. ಈಗಿನ ಹಾಗೆ ಗಾಜಿಗೆ ಗಾಜು ಅಂಟಿಸಿದ ತೊಟ್ಟಿಗಳು ಆಗ ನಮ್ಮ ಕಡೆ ಬಂದಿರಲಿಲ್ಲ. ಕಬ್ಬಿಣದ ಆಂಗಲ್ಲಿನಿಂದ, ಅಂದರೆ ಎಲ್ ಆಕಾರಕ್ಕೆ ಮಡಿಸಿದ ಪಟ್ಟಿಯಿಂದ, ಪೆಟ್ಟಿಗೆಯ ಹಾಗೆ ಚೌಕಟ್ಟು ಕಟ್ಟಿ, ಅದರೊಳಗೆ ಪುಟ್ಟಿ ಮೆತ್ತಿ ಗಾಜು ಕೂರಿಸುತ್ತಿದ್ದರು. ಮನುಷ್ಯ ಮಲಗಿದರೆ ಎದೆಯವರೆಗೂ ಬರುವಷ್ಟು ಉದ್ದದ ತೊಟ್ಟಿ ಅದು. ಮೇಲುಗಡೆ, ಸರಿಯಾಗಿ ನಡುವೆ, ಮುಂದಿನ ಆಂಗಲ್ಲಿನಿಂದ ಹಿಂದಿನ ಆಂಗಲ್ಲಿಗೆ ಒಂದು ಅಡ್ಡಪಟ್ಟಿ ಬೆಸೆದಿತ್ತು. ಎರಡು ಬೆರಳಗಲದ ಪಟ್ಟಿ, ಚೌಕಟ್ಟಿನ ಹಾಗೇ ಕಪ್ಪು ಬಣ್ಣ ಬಳಿದದ್ದು.

ತೊಟ್ಟಿ ಇಳಿಸುವಾಗ ಒಂದು ತುದಿ ಹಿಡಿದದ್ದು ಭಾವನೇ. ಅಪ್ಪ ಆ ಪಟ್ಟಿಯ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು: "ಇದು ಅಂದಕ್ಕೆ ಹಾಕಿದ್ದಲ್ಲ. ನೀರು ಸುಮ್ನೆ ನಿಂತಂಗೆ ಕಾಣುತ್ತೆ, ಆದ್ರೆ ಗಾಜನ್ನ ಆಚೆಗೆ ತಳ್ತಾನೇ ಇರುತ್ತೆ. ಈ ಪಟ್ಟಿ ಮುಂದಿನದನ್ನೂ ಹಿಂದಿನದನ್ನೂ ಹಿಡ್ಕೊಂಡಿದೆ." ಭಾವ ತಲೆಯಾಡಿಸಿದರು. ಅವರು ತಲೆಯಾಡಿಸಿದ್ದನ್ನು ನಾನು ನೋಡಿದೆ. ಮುಂದೆ ಅವರು ಅಂಥ ಮಾತು ನಡೆದೇ ಇಲ್ಲ ಅಂದುಬಿಟ್ಟರು, ಅದಕ್ಕೇ ಇಲ್ಲಿ ಹೇಳಿದ್ದು.

ನಮ್ಮ ಬೀದಿಗೆ ಆಗಿನ್ನೂ ಟಿ.ವಿ. ಬಂದಿರಲಿಲ್ಲ. ಸಂಜೆಯಾದರೆ ಅಕ್ಕಪಕ್ಕದವರು ಬಂದು ತೊಟ್ಟಿಯ ಮುಂದೆ ಕೂರುತ್ತಿದ್ದರು. ಶಿವಾಜಿನಗರದಿಂದ ತಂದ ಚಿನ್ನದ ಬಣ್ಣದ ಮೀನುಗಳು, ಮಸಿಯಂಥ ಕಪ್ಪು ಮೀನುಗಳು. ಅತ್ತೆ ಮೊದಲು ನಕ್ಕಿದ್ದರು. "ಮೀನ್ ಸಾರು ಮಾಡೋರ ಕಂಡಿವ್ನಿ ಕಣವ್ವಾ. ಮೀನ್ಗೇ ಊಟ ಇಕ್ಕೋರ ಇವತ್ತೇ ಕಂಡಿದ್ದು." ಆದರೆ ತಿಂಗಳು ಕಳೆಯುವುದರೊಳಗೆ ಮೀನಿಗೆ ಊಟ ಇಕ್ಕುವವರು ಅವರೇ ಆದರು. ಮಧ್ಯಾಹ್ನ ಉಂಡಾದ ಮೇಲೆ ತೊಟ್ಟಿಯ ಮುಂದೆ ನೆಲದ ಮೇಲೆ ಚಾಪೆ ಹಾಕಿಕೊಂಡು, ಎಲೆಅಡಿಕೆ ಹಾಕಿಕೊಂಡು, ಒಂದು ದಪ್ಪ ಮೀನಿನ ಜೊತೆ ಮಾತಾಡುತ್ತ ಒರಗುತ್ತಿದ್ದರು. "ನೋಡ್ದಾ ಬಾಯಿ ಎಂಗ್ ತಗೀತದೆ. ನಮ್ ಕೆರೇಲೂ ಇಂಗೇ ಇದ್ದೋ," ಅನ್ನುತ್ತಿದ್ದರು. ಆ ಕೆರೆಗೆ ಆಗಲೇ ಕಾರ್ಖಾನೆಯ ನೀರು ಬಿದ್ದು ನೊರೆ ಏಳುತ್ತಿತ್ತು.

ನಾದಿನಿಗೆ ಅತ್ತಿಬೆಲೆ ಕಡೆಯಿಂದ ಒಂದು ಸಂಬಂಧ ಬಂತು. ಅನುಕೂಲಸ್ಥರು. ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಓರಗಿತ್ತಿ, ಅಂದರೆ ಭಾವನ ಹೆಂಡತಿ, ಬಾಣಂತನಕ್ಕೆ ತವರಿಗೆ ಹೋಗಿದ್ದರು. ಮನೆಗೆ ಸುಣ್ಣ ಬಳಿಸುವುದು, ದಿವಾನಕ್ಕೆ ಹೊಸ ಹೊದಿಕೆ ಹಾಕುವುದು ಎಲ್ಲ ನನ್ನ ಮೇಲೆ ಬಿತ್ತು. ನಡುಮನೆಯನ್ನು ನೋಡುತ್ತ ನಿಂತ ಭಾವನ ಕಣ್ಣು ತೊಟ್ಟಿಯ ಮೇಲೆ ಬಿತ್ತು. ದಿವಾನದ ಮೇಲೆ ಕೂತವರಿಗೆ ನಡುವಿನ ಕಪ್ಪು ಪಟ್ಟಿ ಅಡ್ಡ ಬರುತ್ತದಂತೆ. ಅದೂ ಅಲ್ಲದೆ ತಮಗೆ ಗೊತ್ತಿದ್ದ ಬಡಗಿಯಿಂದ ಅವರು ತೊಟ್ಟಿಗೆ ಒಂದು ಮರದ ಮುಚ್ಚಳ ಮಾಡಿಸಿದ್ದರು. ಅದರೊಳಗೆ ಟ್ಯೂಬ್‌ಲೈಟ್ ಕೂರಿಸಿದ್ದರು. ಪಟ್ಟಿ ಇದ್ದರೆ ಆ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ.

ನಾನು ಹಿತ್ತಲಿಂದ ಸೊಪ್ಪು ಕಿತ್ತುಕೊಂಡು ಒಳಗೆ ಬಂದಾಗ ಕಬ್ಬಿಣ ಕೊಯ್ಯುವ ಸದ್ದು ಕೇಳಿತು. ತೊಟ್ಟಿಯ ನೀರು ಅರ್ಧಕ್ಕೆ ಇಳಿಸಿದ್ದರು. ಭಾವ ಸ್ಟೂಲಿನ ಮೇಲೆ ನಿಂತು ಪಟ್ಟಿಯ ಒಂದು ತುದಿಗೆ ಹ್ಯಾಕ್ಸಾ ಇಟ್ಟು ಎಳೆಯುತ್ತಿದ್ದರು. ನನ್ನ ಗಂಡ ಪಟ್ಟಿಯ ನಡು ಹಿಡಿದುಕೊಂಡಿದ್ದರು. ಗರಗಸ ಎಳೆದ ಹಾಗೆಲ್ಲ ಇಡೀ ಚೌಕಟ್ಟು ಅದುರುತ್ತಿತ್ತು, ಮೀನುಗಳು ಒಂದು ಮೂಲೆಗೆ ಹೋಗಿ ಒತ್ತಿಕೊಂಡಿದ್ದವು.

"ಭಾವ, ಅದನ್ನ ತೆಗೀಬೇಡಿ. ಅಪ್ಪ ಹೇಳಿದ್ರಲ್ಲ."

"ಏನಮ್ಮಾ, ಗೇಟು ಮಾಡೋನು ನಾನು. ಆಂಗಲ್ ಎಷ್ಟು ತಡೀತದೆ ಅಂತ ನಂಗೇ ಹೇಳ್ಕೊಡ್ತೀಯಾ?"

"ಗೇಟನ್ನ ಯಾರೂ ದಿನವಿಡೀ ತಳ್ತಾ ನಿಂತಿರಲ್ಲ ಭಾವ. ನೀರು ತಳ್ತಿರುತ್ತೆ."

ಅವರು ಗರಗಸ ನಿಲ್ಲಿಸಿ ನನ್ನ ಗಂಡನನ್ನು ನೋಡಿ ನಕ್ಕರು. "ನೋಡೋ, ನಿನ್ನೆಂಡ್ತಿ ಇಂಜಿನಿಯರ್ ಆಗ್ಬೇಕಿತ್ತು." ನನ್ನ ಗಂಡನೂ ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. ಭಾವನಿಗಾದರೂ ಗೊತ್ತಿರಲಿಲ್ಲ ಅನ್ನೋಣ. ನನ್ನ ಗಂಡನಿಗೆ ನನ್ನ ಮಾತು ಸರಿ ಎಂದು ಅನುಮಾನವಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಅಣ್ಣನ ಜೊತೆ ನಕ್ಕರು. ಪಟ್ಟಿ ಬಿಡಿಸಿಕೊಂಡು ಬಂತು. ಎರಡು ತುದಿಗೂ ಉಳಿದ ಮೊಂಡುಗಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿ, ಅವುಗಳ ಮೇಲೆ ಕಪ್ಪು ಬಣ್ಣ ಬಳಿದರು. ಆಮೇಲೆ ಮೇಲಿನ ಆಂಗಲ್ಲಿನ ಒಳಗಡೆ ಖಾಲಿ ಕಾಣಬಾರದೆಂದು ನೀರನ್ನು ಕಂಠದವರೆಗೆ ತುಂಬಿಸಿದರು. ಅಪ್ಪ ಎಂದೂ ಅಷ್ಟು ತುಂಬಿಸುತ್ತಿರಲಿಲ್ಲ.

ಅತ್ತಿಬೆಲೆಯವರು ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು. ಹುಡುಗಿಗಿಂತ ಮೊದಲು ತೊಟ್ಟಿಯನ್ನೇ ನೋಡಿದರು ಅನ್ನಬೇಕು. ಹುಡುಗನ ಸೋದರಮಾವ ದಿವಾನದ ಮೇಲೆ ಕೂತು, "ಸಿನಿಮಾ ಪರದೆ ಇದ್ದಂಗಿದೆ ಕಣ್ರೀ," ಅಂದರು. ಭಾವ ನನ್ನ ಕಡೆ ತಿರುಗಿ ನೋಡಿದರು. ಏನೂ ಆಗಲಿಲ್ಲವಲ್ಲ ಎಂಬ ನೋಟ. ಆಗದೇ ಇದ್ದದ್ದೇ ಅವರಿಗೆ ಪ್ರಮಾಣಪತ್ರ. ಒಂದು ದಿನ ತಡೆದದ್ದು ಎಂದೆಂದಿಗೂ ತಡೆಯುತ್ತದೆ ಅನ್ನುವ ಲೆಕ್ಕ. ಈ ಲೆಕ್ಕ ಹಾಕುವವರನ್ನು ಆಮೇಲೆ ಬೇಕಾದಷ್ಟು ಜನರನ್ನು ನೋಡಿದ್ದೇನೆ. ಎಲ್ಲರೂ ಅಷ್ಟೇ ಸಮಾಧಾನವಾಗಿರುತ್ತಾರೆ.

ಸಂಬಂಧ ಕುದುರಿತು. ಮನೆಯಲ್ಲಿ ಸಂತೋಷ. ನಾನು ಮಾತ್ರ ಆ ತೊಟ್ಟಿಯ ಮುಂದೆ ಹೋದಾಗಲೆಲ್ಲ ಮುಂದಿನ ಗಾಜನ್ನು ಪಕ್ಕದಿಂದ ನೋಡುತ್ತಿದ್ದೆ. ಗೋಡೆಯ ನೇರಕ್ಕೂ ಆಂಗಲ್ಲಿನ ನೇರಕ್ಕೂ ಏನೋ ವ್ಯತ್ಯಾಸ ಕಾಣುತ್ತಿತ್ತು. ಒಂದು ದಿನ ಹೊಲಿಗೆಯ ದಾರ ತಂದು ಮೇಲಿನ ಆಂಗಲ್ಲಿನ ಎರಡು ಮೂಲೆಗೂ ಒಳಗಡೆಯಿಂದ ಬಿಗಿಯಾಗಿ ಹಿಡಿದು ಕಟ್ಟಿದೆ. ತುದಿಗಳಲ್ಲಿ ದಾರ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ನಡುವೆ ದಾರಕ್ಕೂ ಕಬ್ಬಿಣಕ್ಕೂ ಮಧ್ಯೆ ನನ್ನ ಕಿರುಬೆರಳು ಹೋಗುವಷ್ಟು ಜಾಗ. ಆಂಗಲ್ಲು ಹೊರಗೆ ಬಾಗಿತ್ತು. ನೀರು ಅದನ್ನು ತಳ್ಳುತ್ತಿತ್ತು.

ಗಂಡನಿಗೆ ತೋರಿಸಿದೆ. ಅವರು ಬಗ್ಗಿ ನೋಡಿ, "ಮೊದ್ಲಿಂದಾನೂ ಹಂಗೇ ಇತ್ತೇನೋ," ಅಂದರು.

"ಇರ್ಲಿಲ್ಲ. ನೀರಾದ್ರೂ ಇಳಿಸೋಣ. ಅರ್ಧಕ್ಕೆ."

"ಅಣ್ಣ ಬೇಜಾರು ಮಾಡ್ಕೋತಾನೆ."

ನಾನೇ ಬಿಂದಿಗೆಯಲ್ಲಿ ನೀರು ಮೊಗೆದು ಹಿತ್ತಲಿನ ಸೊಪ್ಪಿಗೆ ಹಾಕಿದೆ. ಸಂಜೆ ಭಾವ ಬಂದವರೇ ಮತ್ತೆ ಕಂಠದವರೆಗೆ ತುಂಬಿಸಿದರು. ಮಾರನೆಯ ದಿನವೂ ನಾನು ತೆಗೆದೆ, ಅವರು ತುಂಬಿಸಿದರು. ಮೂರನೆಯ ಸಲ ಅವರು ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು: "ಅಮ್ಮಾ, ಅವ್ಳಿಗೆ ಹೇಳು. ಅವ್ರಪ್ಪ ಮಾಡಿದ್ದು ಅಂತ ಯಾರೂ ಮುಟ್ಟಬಾರ್ದು ಅಂದ್ರೆ ತಗೊಂಡೋಗಿ ಅವ್ರಪ್ಪನ ಮನೇಲೇ ಇಟ್ಕೊಳ್ಲಿ." ಅತ್ತೆ ನನ್ನ ಕೈ ಹಿಡಿದು, "ಓಗ್ಲಿ ಬುಡವ್ವಾ," ಅಂದರು. ಅವರಿಗಾಗಿ ಬಿಟ್ಟೆ.

ಅಷ್ಟು ಹೊತ್ತಿಗೆ ಒಂದು ಮೂಲೆಯಿಂದ ನೀರು ಜಿನುಗಲು ಶುರುವಾಗಿತ್ತು. ಗಾಜು ಹೊರಗೆ ಬಾಗಿದರೆ ಪುಟ್ಟಿ ಬಿರಿಯದೆ ಇನ್ನೇನು ಮಾಡೀತು? ಭಾವ ಆ ಮೂಲೆಗೆ ಡಾಂಬರು ಕಾಸಿ ಬಳಿದರು. ಜಿನುಗುವುದು ನಿಂತಿತು. ರೋಗ ಬಿಟ್ಟು ಬೆವರು ಒರೆಸಿದ ಹಾಗೆ. ಅಪ್ಪನಿಗೆ ಹೇಳಿ ಕಳುಹಿಸಿದೆ, ಅವರು ಆ ವಾರ ಜ್ವರ ಬಂದು ಮಲಗಿದ್ದರು.

ಒಡೆದದ್ದು ಮಧ್ಯಾಹ್ನ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮೊದಲು ಕೇಳಿದ್ದು ಗಾಜಿನ ಸದ್ದಲ್ಲ. ಲಾರಿಯಿಂದ ಮರಳು ಸುರಿದ ಹಾಗೆ ಒಂದು ಮಂದ ಸದ್ದು, ಆಮೇಲೆ ಗಾಜು. ನಡುಮನೆಯ ಬಾಗಿಲಿಗೆ ಓಡಿ ಬಂದರೆ ನೀರು ನನ್ನ ಪಾದದ ಮೇಲೆ ಬಂತು. ತೊಟ್ಟಿಯ ಮುಂದಿನ ಗಾಜು ಇರಲೇ ಇಲ್ಲ. ಮುಚ್ಚಳ ಟ್ಯೂಬ್‌ಲೈಟಿನ ಸಮೇತ ನೆಲದ ಮೇಲೆ ಮಗುಚಿ ಬಿದ್ದಿತ್ತು, ಅದರ ವೈರು ಇನ್ನೂ ಗೋಡೆಯ ಪ್ಲಗ್ಗಿನಲ್ಲೇ ಇತ್ತು. ಅತ್ತೆ ಚಾಪೆಯ ಮೇಲೆ ಎದ್ದು ಕೂತಿದ್ದರು, ಏನಾಯಿತೆಂದು ಗೊತ್ತಾಗದೆ ಸುತ್ತ ನೋಡುತ್ತಿದ್ದರು. ನಾದಿನಿ ಆಚೆಯ ಕೋಣೆಯಿಂದ, "ಅಯ್ಯೋ ಮೀನು," ಅನ್ನುತ್ತ ನೀರಿಗೆ ಕಾಲಿಡುವುದರಲ್ಲಿದ್ದಳು.

"ನಿಂತ್ಕೋ. ನೀರು ಮುಟ್ಟಬೇಡ," ಎಂದು ಕಿರುಚಿದೆ. ಹಾಗೆ ಕಿರುಚಿದ್ದು ಆ ಮನೆಯಲ್ಲಿ ಅದೇ ಮೊದಲು. ಅವಳು ಹೊಸ್ತಿಲಲ್ಲೇ ನಿಂತಳು. ಮೇನ್ ಸ್ವಿಚ್ ಅಡುಗೆಮನೆಯ ಬಾಗಿಲ ಪಕ್ಕದಲ್ಲಿತ್ತು. ನನ್ನ ಕೈ ಒದ್ದೆ, ಕಾಲು ನೀರಿನಲ್ಲಿ. ಹಿಂದಕ್ಕೆ ಜಿಗಿದು ಒಣ ಜಾಗದಲ್ಲಿದ್ದ ಮಣೆಯ ಮೇಲೆ ನಿಂತು, ಸೌದೆಯ ತುಂಡೊಂದರಿಂದ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಹೊಡೆದೆ. ಇಷ್ಟರಲ್ಲಿ ಅತ್ತೆಗೆ ಕರೆಂಟು ಯಾಕೆ ಹೊಡೆಯಲಿಲ್ಲ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ದೇವರು ದೊಡ್ಡವನು ಅಂದರು ಬೀದಿಯವರು. ದೇವರಿಗೆ ಇಂಥ ಕೆಲಸ ಯಾಕೆ ಕೊಡಬೇಕಿತ್ತು ಅಂತ ನನ್ನ ಪ್ರಶ್ನೆ.

ಆಮೇಲೆ ನೋಡಿದೆ, ಚಾಪೆಯ ಸುತ್ತಲಿನ ನೀರು ಕೆಂಪಾಗುತ್ತಿತ್ತು. ಗಾಜಿನ ಒಂದು ಉದ್ದನೆಯ ತುಂಡು ಅತ್ತೆಯ ಬಲಗಾಲಿನ ಹಿಮ್ಮಡಿಯ ಮೇಲುಗಡೆ ಅಡ್ಡವಾಗಿ ಕೊಯ್ದಿತ್ತು. ಅವರು ನೋವು ಅನ್ನಲಿಲ್ಲ. "ಕಾಲು ಮಾತ್ ಕೇಳ್ತಿಲ್ಲ ಕಣವ್ವಾ," ಅಂದರು. ಪಾದ ಸತ್ತ ಹಾಗೆ ಜೋತುಬಿದ್ದಿತ್ತು. ನನ್ನ ಸೀರೆಯ ಸೆರಗು ಹರಿದು ಬಿಗಿಯಾಗಿ ಕಟ್ಟಿದೆ. ನಾದಿನಿ ಎದುರಿನ ಶೆಡ್ಡಿಗೆ ಓಡಿದಳು. ಅಲ್ಲಿನವರು ಸಾಮಾನು ಸಾಗಿಸುವ ಟೆಂಪೋದಲ್ಲಿ ಗೋಣಿ ಹಾಸಿ ಅತ್ತೆಯನ್ನು ಮಲಗಿಸಿದರು. ಆಸ್ಪತ್ರೆಯವರೆಗೆ ಅವರ ಕಾಲು ನನ್ನ ತೊಡೆಯ ಮೇಲಿತ್ತು. ಟೆಂಪೋ ಕುಲುಕಿದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ: "ಆ ದಪ್ಪ ಮೀನು ಸತ್ತೋಯ್ತಾ?"

ಹಿಮ್ಮಡಿಯ ನರ ತುಂಡಾಗಿತ್ತು. ಡಾಕ್ಟರು ಹೊಲಿಗೆ ಹಾಕಿದರು, ಬ್ಯಾಂಡೇಜು ಕಟ್ಟಿದರು, ಮತ್ತೆ ಬಿಚ್ಚಿ ನೋಡಿದರು. ನಡೆಯುತ್ತಾರೆ, ಆದರೆ ಮೊದಲಿನ ಹಾಗೆ ಅಲ್ಲ ಅಂದರು. ಹಾಗೇ ಆಯಿತು. ಅತ್ತೆ ಉಳಿದ ಆಯುಷ್ಯವನ್ನೆಲ್ಲ ಕೋಲು ಹಿಡಿದು ಕಾಲೆಳೆಯುತ್ತಲೇ ಕಳೆದರು. ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಹಿತ್ತಲಿನ ಅವರೆ ಸಾಲಿನಲ್ಲಿ ಕಳೆ ಬೆಳೆಯಿತು. ಕುರ್ಚಿ ಹಾಕಿಸಿಕೊಂಡು ಕೂತು ನನಗೆ, "ಅಲ್ಲಿ ಕೀಳು, ಇಲ್ಲಿ ಕೀಳು," ಎಂದು ತೋರಿಸುತ್ತಿದ್ದರು. ಹೊಲವನ್ನು ಸರಕಾರ ತೆಗೆದುಕೊಂಡಾಗಲೂ ಅತ್ತಿರಲಿಲ್ಲವಂತೆ. ಆ ಕುರ್ಚಿಯ ಮೇಲೆ ಕೂತು ಅತ್ತದ್ದನ್ನು ನಾನು ಕಂಡೆ.

ಆಸ್ಪತ್ರೆಯಿಂದ ಬಟ್ಟೆ ತರಲು ಮನೆಗೆ ಬಂದರೆ ನಡುಮನೆ ಗುಡಿಸಿ ಒರೆಸಿ ಇತ್ತು. ತೊಟ್ಟಿಯ ಚೌಕಟ್ಟು ಇರಲಿಲ್ಲ. ಎಲ್ಲಿ ಎಂದು ನಾದಿನಿಯನ್ನು ಕೇಳಿದೆ. "ಅಣ್ಣ ಗುಜರಿಗೆ ಹಾಕಿ ಬಂದ್ರು ಅತ್ತಿಗೆ," ಅಂದಳು. ಹೆತ್ತ ಅಮ್ಮನನ್ನು ನೋಡಲು ಆಸ್ಪತ್ರೆಗೆ ಬರುವ ಮೊದಲೇ ಭಾವ ಚೌಕಟ್ಟನ್ನು ಗುಜರಿಗೆ ಸಾಗಿಸಿದ್ದರು. ಅರದಿಂದ ಉಜ್ಜಿ ಬಣ್ಣ ಬಳಿದ ಆ ಎರಡು ಮೊಂಡುಗಳು ಇನ್ನು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಮಾರನೆಯ ದಿನ ನೆಂಟರು ಬಂದರು. ವಾರ್ಡಿನ ಆಚೆ ನಿಂತು ಭಾವ ಅವರಿಗೆ ವಿವರಿಸುತ್ತಿದ್ದರು. "ಗಾಜು ಹಳೇದು. ಪುಟ್ಟಿ ಸರಿಯಾಗಿ ಕೂರಿಸಿರ್ಲಿಲ್ಲ. ಮನೇಲಿ ಮಾಡಿದ್ದು ಅಂದ್ರೆ ಅಷ್ಟೆ. ನಾನು ಡಾಂಬರು ಹಾಕಿ ಎಷ್ಟೋ ಕಾಪಾಡ್ದೆ." ನಮ್ಮ ಅಪ್ಪ ಆಗ ತಾನೇ ಜ್ವರ ಬಿಟ್ಟು, ಶಾಲು ಹೊದ್ದುಕೊಂಡು ಬಂದು ಅಲ್ಲೇ ನಿಂತಿದ್ದರು. ಅವರ ಮುಖದ ಮೇಲೇ ಈ ಮಾತು. ಅಪ್ಪ ಬೀಗರ ಮನೆಯ ಮರ್ಯಾದೆಗೆ ತಲೆ ತಗ್ಗಿಸಿದರು.

ನಾನು ಎಲ್ಲರ ಮುಂದೆ ಹೇಳಿದೆ. "ಭಾವ ನಡುವಿನ ಪಟ್ಟಿ ಕೊಯ್ದ್ರು. ಅದಕ್ಕೆ ಒಡೀತು."

ಸುತ್ತ ಇದ್ದವರು ತಿರುಗಿ ನೋಡಿದ್ದು ಭಾವನನ್ನಲ್ಲ, ನನ್ನನ್ನು. ಸೊಸೆ ಬಾಯಿ ಬಿಟ್ಟಳು ಅನ್ನುವುದು ಅವರಿಗೆ ಅತ್ತೆಯ ಕಾಲಿಗಿಂತ ದೊಡ್ಡ ಸುದ್ದಿ. ಭಾವ ಸಾವಧಾನವಾಗಿ, "ಯಾವ ಪಟ್ಟಿ?" ಅಂದರು. ಒಳಗಿನಿಂದ ಅತ್ತೆ ಕರೆದರು. ಹೋದೆ. "ಸುಮ್ಕಿರವ್ವಾ. ಅವನೂ ಬೇಕಂತ ಮಾಡ್ಲಿಲ್ಲ," ಅಂದರು.

ಬೇಕೆಂದು ಮಾಡಲಿಲ್ಲ. ಈ ಮಾತನ್ನು ನಾನು ಆ ತಿಂಗಳಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ತಾಯಿಯ ಕಾಲು ಕೊಯ್ಯಬೇಕೆಂದು ಯಾವ ಮಗನೂ ಮಾಡುವುದಿಲ್ಲ, ಅದು ನನಗೂ ಗೊತ್ತು. ತಿಳಿಯದೆ ಮಾಡುವುದು ಬೇರೆ. ಹೇಳಿದರೂ ಕೇಳದೆ, ಬಾಗಿದ್ದನ್ನು ತೋರಿಸಿದರೂ ನೋಡದೆ, ತೆಗೆದ ನೀರನ್ನು ಹಟ ಹಿಡಿದು ತುಂಬಿಸಿ, ಒಡೆದ ಮೇಲೆ ಕುರುಹನ್ನು ಗುಜರಿಗೆ ಸಾಗಿಸುವುದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ, "ಬೇಕಂತ ಮಾಡ್ಲಿಲ್ಲ" ಎಂದು ಬಾಯಿ ಕಟ್ಟಿದರೆ ನಾನು ಒಪ್ಪಬೇಕೇ?

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ನಾನೂ ಕಾಲಾಂತರದಲ್ಲಿ ಸುಮ್ಮನಾಗುತ್ತಿದ್ದೆನೋ ಏನೋ. ಅತ್ತೆ ಮನೆಗೆ ಬಂದ ಮೇಲೆ ಒಂದು ದಿನ ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ನಾದಿನಿ ಮೆಲ್ಲಗೆ ಹೇಳಿದಳು: "ಅತ್ತಿಗೆ, ಆ ಶಿಶುವಿಹಾರದ್ದೂ ಹಂಗೇ ಇದೆ ಅಲ್ವಾ?"

"ಯಾವ ಶಿಶುವಿಹಾರ?"

ತುಮಕೂರು ರಸ್ತೆಯ ಆಚೆ, ಕಾರ್ಮಿಕರ ಮಕ್ಕಳು ಹೋಗುವ ಒಂದು ಶಿಶುವಿಹಾರವಿತ್ತು. ಅಲ್ಲಿಗೆ ಗೇಟು ಮಾಡಿಕೊಟ್ಟದ್ದು ಭಾವ. ಅಲ್ಲಿನ ಮುಖ್ಯಸ್ಥೆ ಗೇಟಿನ ಮಾತಿಗೆ ನಮ್ಮ ಮನೆಗೆ ಬಂದಾಗ ಪಟ್ಟಿ ತೆಗೆದ ತೊಟ್ಟಿಯನ್ನು ನೋಡಿ ಮೆಚ್ಚಿದ್ದರಂತೆ. ಅವರಲ್ಲೂ ಒಂದು ಹಳೆಯ ತೊಟ್ಟಿ ಇತ್ತು, ಅದಕ್ಕೂ ಒಂದು ಅಡ್ಡಪಟ್ಟಿ. ಭಾವ ಹೋಗಿ ಅದನ್ನೂ ಕೊಯ್ದು ಬಂದಿದ್ದರು.

ಕೈಯಲ್ಲಿದ್ದ ಎಣ್ಣೆ ಬಟ್ಟಲನ್ನು ಕೆಳಗಿಟ್ಟೆ. ಹೆತ್ತಮ್ಮನ ಕಾಲು ಹೋಗಿ ಇಷ್ಟು ದಿನವಾಗಿತ್ತು. ಈ ಮನುಷ್ಯ ಒಂದು ಸಲ ಆ ರಸ್ತೆ ದಾಟಿ ಹೋಗಿ, "ಅಮ್ಮಾ, ನೀರು ಇಳಿಸಿ," ಎಂದು ಹೇಳಿ ಬರಲಿಲ್ಲ. ಹೇಳಿದರೆ ಪಟ್ಟಿ ಕೊಯ್ದದ್ದೇ ತಪ್ಪು ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ. ಸಂಜೆ ಗಂಡನಿಗೆ ಹೇಳಿದೆ. "ನಾಳೆ ಅಣ್ಣನ್ನ ಕೇಳ್ತೀನಿ," ಅಂದರು. ಮಾರನೆಯ ದಿನ ಅವರು ಕೇಳಲಿಲ್ಲ. ನಾನು ನಾದಿನಿಯನ್ನು ಕರೆದುಕೊಂಡು ಹೊರಟೆ.

ಮಕ್ಕಳು ಊಟದ ಡಬ್ಬಿ ಬಿಚ್ಚಿಕೊಂಡು ಸಾಲಾಗಿ ಕೂತಿದ್ದರು. ಎಲ್ಲಿ? ತೊಟ್ಟಿಯ ಮುಂದೆ. ಮೀನು ತೋರಿಸಿದರೆ ಬೇಗ ಉಣ್ಣುತ್ತಾರೆ ಎಂದು ಆಯಾ ಹೇಳಿದಳು. ನಾನು ತೊಟ್ಟಿಯ ಪಕ್ಕಕ್ಕೆ ಹೋಗಿ ನೋಡಿದೆ. ಮೂಲೆಯ ಪುಟ್ಟಿ ಒದ್ದೆಯಾಗಿತ್ತು.

ಮುಖ್ಯಸ್ಥೆ ಸಭ್ಯ ಹೆಂಗಸು. "ನಿಮ್ಮ ಭಾವನೋರೇ ಮಾಡಿದ್ದು ಕಣ್ರೀ. ತುಂಬ ಚೆನ್ನಾಗಿ ಕಾಣುತ್ತೆ. ಏನು ವಿಷಯ, ಕೂತ್ಕೊಂಡು ಮಾತಾಡೋಣ," ಅಂದರು.

"ಮೇಡಂ, ಮೊದ್ಲು ಮಕ್ಕಳನ್ನ ಆಚೆ ಕೂರ್ಸಿ. ಆಮೇಲೆ ನನ್ನ ಎಷ್ಟು ಬೇಕಾದ್ರೂ ಬೈರಿ."

ನನ್ನ ದನಿಯಲ್ಲಿ ಏನಿತ್ತೋ, ಅವರು ಆಯಾಳಿಗೆ ಸನ್ನೆ ಮಾಡಿದರು. ಮಕ್ಕಳು ಡಬ್ಬಿ ಎತ್ತಿಕೊಂಡು ಜಗಲಿಗೆ ಹೋದರು. ಸೊಂಟಕ್ಕೆ ಸಿಕ್ಕಿಸಿ ತಂದಿದ್ದ ಹೊಲಿಗೆಯ ದಾರ ತೆಗೆದು ಮೂಲೆಯಿಂದ ಮೂಲೆಗೆ ಹಿಡಿದು ಅವರಿಗೆ ತೋರಿಸಿದೆ. ನಮ್ಮ ಅತ್ತೆಯ ಕಾಲಿನ ಕಥೆ ಹೇಳಿದೆ. ಪಕ್ಕದಲ್ಲಿ ನಾದಿನಿ ನಿಂತಿದ್ದಳು. "ಹೌದು ಮೇಡಂ, ನಮ್ಮಮ್ಮ," ಅಂದು ಅತ್ತುಬಿಟ್ಟಳು. ಮುಖ್ಯಸ್ಥೆ ತಾವೇ ಹೋಗಿ ರಬ್ಬರ್ ಪೈಪು ತಂದರು. ನಾವೆಲ್ಲ ಸೇರಿ ನೀರು ಖಾಲಿ ಮಾಡಿ ಮೀನುಗಳನ್ನು ಬಕೆಟ್ಟಿಗೆ ಹಾಕಿದೆವು. ನೀರು ಇಳಿದ ಹಾಗೆ ಬಾಗಿದ ಆಂಗಲ್ಲು ನಮ್ಮ ಕಣ್ಣೆದುರೇ ಹಿಂದಕ್ಕೆ ಬಂತು. ಮುಖ್ಯಸ್ಥೆ ಅದನ್ನು ನೋಡಿ ಕೈ ಬಾಯಿಗೆ ಇಟ್ಟುಕೊಂಡರು.

ಸುದ್ದಿ ಅಂದೇ ಶೆಡ್ಡಿಗೆ ಮುಟ್ಟಿತು. ಭಾವ ಚಪ್ಪಲಿ ಬಿಡದೆ ನಡುಮನೆಗೆ ಬಂದರು. "ನನ್ನ ಗಿರಾಕಿ ಹತ್ರ ಹೋಗಿ ನನ್ ಮಾನ ಕಳ್ದ್ಯಲ್ಲ. ಅದೇನು ಒಡ್ದಿತ್ತಾ? ಹೇಳು, ಒಡ್ದಿತ್ತಾ?"

"ಒಡೆಯೋತನಕ ಕಾಯ್ಬೇಕಿತ್ತಾ ಭಾವ?"

"ಒಡೀಲೇ ಇಲ್ಲ ಅಂದ್ಮೇಲೆ ಏನ್ ತಪ್ಪು ನಂದು?"

ಆಗದಂತೆ ತಡೆದ ಅನಾಹುತವನ್ನು ಯಾರಿಗೆ ತೋರಿಸುವುದು? ನಾನು ಅತ್ತೆಯ ಕಾಲಿನ ಕಡೆ ಬೆರಳು ತೋರಿಸಿದೆ. "ಇದು ಒಡೆದಿದ್ದಕ್ಕೆ ನೀವು ಯಾವ ಪಟ್ಟಿ ಅಂದ್ರಿ. ಅದು ಒಡೀದೇ ಇದ್ದಿದ್ದಕ್ಕೆ ಏನ್ ತಪ್ಪು ಅಂತೀರಿ. ನಿಮ್ಗೆ ತಪ್ಪು ಅಂತ ಕಾಣ್ಬೇಕಾದ್ರೆ ಏನಾಗ್ಬೇಕು, ಅದನ್ನಾದ್ರೂ ಹೇಳಿ."

ಅವರು ಕೈ ಎತ್ತಿದರು. ಹೊಡೆಯುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ನನ್ನ ಗಂಡ ಎದ್ದು ನಡುವೆ ಬಂದು, "ಅಣ್ಣಾ, ಸಾಕು," ಅಂದರು. ಎರಡೇ ಪದ. ಭಾವ ಕೈ ಇಳಿಸಿ ಹೊರಟುಹೋದರು. ಜನ ಈ ಘಟ್ಟಕ್ಕೆ ಬಂದಾಗ ನನ್ನ ಗಂಡನನ್ನು ಹೊಗಳುತ್ತಾರೆ. ನಾನು ಅವರ ಜೊತೆ ನೆಮ್ಮದಿಯಾಗಿಯೇ ಬಾಳಿದೆ, ಅವರು ಒಳ್ಳೆಯವರು. ಆದರೆ ಆ ಎರಡು ಪದ ಗರಗಸ ಎಳೆಯುತ್ತಿದ್ದ ದಿನವೇ ಅವರ ಬಾಯಲ್ಲಿತ್ತು. ಅಂದು ಆಡಿದ್ದರೆ ಅತ್ತೆ ಮಾರನೆಯ ದಿನವೂ ತಮ್ಮ ಕಾಲ ಮೇಲೆ ಹಿತ್ತಲಿಗೆ ಹೋಗುತ್ತಿದ್ದರು. ಇದನ್ನು ಅವರ ಮುಖದ ಮೇಲೆಯೇ ಹೇಳಿದ್ದೇನೆ. ಅವರು ಇಲ್ಲ ಅನ್ನಲಿಲ್ಲ.

ನಾವು ಬೇರೆಯಾದೆವು. ಹಿಂದಿನ ಬೀದಿಯಲ್ಲಿ ಬಾಡಿಗೆಗೆಂದು ಕಟ್ಟಿಸಿದ್ದ ಸಾಲುಮನೆಗಳಲ್ಲಿ ಒಂದಕ್ಕೆ ಹೋದೆವು. ಅತ್ತೆ ದೊಡ್ಡ ಮನೆಯಲ್ಲೇ ಇದ್ದರೂ ಬೆಳಿಗ್ಗೆ ಕಾಫಿಗೆ ಕೋಲೂರಿಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ನಾದಿನಿಯ ಮದುವೆ ಅತ್ತಿಬೆಲೆಯವರ ಜೊತೆಯೇ ಆಯಿತು, ಅವಳು ಸುಖವಾಗಿದ್ದಾಳೆ. ನಾನು ಮತ್ತೆ ವೈಂಡಿಂಗ್ ಶೆಡ್ಡಿಗೆ ಕೆಲಸಕ್ಕೆ ಹೋದೆ. ಬೇಡ ಅನ್ನುವವರು ಈ ಹೊಸ ಮನೆಯಲ್ಲಿ ಯಾರೂ ಇರಲಿಲ್ಲ.

ಅತ್ತೆ ಹೋದ ಮೇಲೆ, ಯಾವುದೋ ಮದುವೆಯ ಪಂಕ್ತಿಯಲ್ಲಿ ನಾನು ಕೂತಿದ್ದೆ. ಎದುರು ಸಾಲಿನಲ್ಲಿ ಭಾವ, ತಲೆ ಪೂರ್ತಿ ಬೆಳ್ಳಗಾಗಿತ್ತು. ಅವರ ಪಕ್ಕದವರು ತಮ್ಮ ಮನೆಗೆ ಮೀನಿನ ತೊಟ್ಟಿ ತರಿಸುವ ಮಾತಾಡುತ್ತಿದ್ದರು. ಭಾವ, "ಹುಷಾರು. ನಮ್ಮನೇಲೂ ಒಂದಿತ್ತು. ನಮ್ ತಮ್ಮನ ಮಾವ ಮಾಡಿದ್ದು, ಗಾಜು ಸರಿ ಇರ್ಲಿಲ್ಲ. ನಮ್ಮಮ್ಮನ ಕಾಲೇ ಹೋಯ್ತು," ಅಂದರು. ಎಷ್ಟೋ ವರ್ಷ ಹೇಳಿ ಹೇಳಿ ನುಣ್ಣಗಾದ ದನಿ. ಅವರು ಅದನ್ನು ನಂಬಿಬಿಟ್ಟಿದ್ದರು ಎಂದು ನನಗೆ ಆಗ ಅನ್ನಿಸಿತು. ಅದರಿಂದ ನನ್ನ ಸಿಟ್ಟು ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಹೆಚ್ಚಾಯಿತು.

ಎಲೆಯ ಮುಂದಿನಿಂದ ಎದ್ದು ನಿಂತು ಆ ಪಕ್ಕದವರಿಗೆ ಹೇಳಿದೆ. "ಅಣ್ಣಾ, ಗಾಜು ಸರಿಯಾಗೇ ಇತ್ತು. ಮೇಲಿನ ಅಡ್ಡಪಟ್ಟಿ ಇವ್ರು ಕೊಯ್ದ್ರು, ಅದಕ್ಕೆ ಒಡೀತು. ನಿಮ್ಮನೇದಕ್ಕೆ ಪಟ್ಟಿ ಇದ್ರೆ ಯಾರು ಹೇಳಿದ್ರೂ ಮುಟ್ಟಬೇಡಿ."

ಬಡಿಸುವವರು ಸಾರಿನ ಬಕೆಟ್ ಹಿಡಿದು ನಿಂತುಬಿಟ್ಟರು. ಪಕ್ಕದ ಹೆಂಗಸು ನನ್ನ ಸೆರಗು ಜಗ್ಗಿದಳು. ಭಾವ ಎಲೆ ನೋಡುತ್ತ ಅನ್ನ ಕಲಸುತ್ತಲೇ ಇದ್ದರು. ನಾನು ಕೂತೆ, ಸಾರು ಹಾಕಿಸಿಕೊಂಡೆ, ಊಟ ಮುಗಿಸಿದೆ.